ಹಂಗಿಲ್ಲದೆ ಹೆಸರು ಹೇಳುವುದು: ಮಕ್ಕಳಾಗದ ದಂಪತಿಗೆ ಕ್ಲಿನಿಕ್ ಸೂಚಿಸುವವರಿಗೊಂದು ಮಾರ್ಗದರ್ಶಿ

ತುಮಕೂರಿನ ಬಿ.ಎಚ್. ರಸ್ತೆಯ ಸ್ಕ್ಯಾನಿಂಗ್ ಸೆಂಟರ್ ಇರಲಿ, ಶಿರಾ, ಮಧುಗಿರಿಯ ನರ್ಸಿಂಗ್ ಹೋಮ್ ಇರಲಿ, ಮದುವೆಯಾಗಿ ನಾಲ್ಕೈದು ವರ್ಷವಾದ ದಂಪತಿ ಕೊನೆಗೆ ಕೇಳುವ ಮಾತು ಒಂದೇ: "ಬೆಂಗಳೂರಲ್ಲಿ ಯಾವ್ದು ಚೆನ್ನಾಗಿದೆ, ನೀವೇ ಒಂದು ಹೆಸರು ಹೇಳ್ಬಿಡಿ." ಕೇಳುವುದು ಡಾಕ್ಟರನ್ನೇ ಎಂದೇನಿಲ್ಲ. ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಮೆಡಿಕಲ್ ಶಾಪಿನವರು, ಆಶಾ ಕಾರ್ಯಕರ್ತೆ, ಎಲ್ಲರ ಮುಂದೆಯೂ ಈ ಪ್ರಶ್ನೆ ಬಂದು ನಿಲ್ಲುತ್ತದೆ. ಅರ್ಧ ನಿಮಿಷದಲ್ಲಿ ಬಾಯಿಗೆ ಬಂದ ಹೆಸರು ಆ ಮನೆಯ ಒಂದೆರಡು ವರ್ಷವನ್ನೂ ಲಕ್ಷಗಟ್ಟಲೆ ಸಾಲವನ್ನೂ ತೀರ್ಮಾನಿಸಿಬಿಡುತ್ತದೆ.

ಈ ಬರಹ ಹೆಸರು ಹೇಳುವವರಿಗಾಗಿ. ಯಾವ ಕ್ಲಿನಿಕ್ ಒಳ್ಳೆಯದು ಎಂಬ ಉತ್ತರ ಇದರಲ್ಲಿಲ್ಲ. ಒಂದು ಹೆಸರಿನ ಬದಲು ಮೂರು ಹೆಸರು, ಅವುಗಳಲ್ಲಿ ಆರಿಸಿಕೊಳ್ಳುವ ಬಗೆ, ನಿಮಗೂ ಆ ಕ್ಲಿನಿಕ್‌ಗೂ ಇರುವ ಸಂಬಂಧದ ಬಗ್ಗೆ ನೇರ ಮಾತು, ಇಷ್ಟನ್ನು ಕೊಡುವುದು ಹೇಗೆ ಎಂಬುದಷ್ಟೇ ಇದೆ.

ಮೊದಲು: ಕಳಿಸುವ ಅಗತ್ಯ ಇದೆಯೇ?

ಗರ್ಭನಿರೋಧಕ ಬಳಸದೆ, ನಿಯಮಿತವಾಗಿ ಕೂಡಿದ್ದೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ತಪಾಸಣೆ ಶುರುಮಾಡಬೇಕು. ಹೆಂಡತಿಗೆ 35 ದಾಟಿದ್ದರೆ 6 ತಿಂಗಳೇ ಸಾಕು. ಮುಟ್ಟು ತೀರ ಏರುಪೇರಾಗಿದ್ದರೆ, ಹಿಂದೆ ಟಿಬಿ ಬಂದಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ ಅಷ್ಟೂ ಕಾಯಬೇಕಿಲ್ಲ. ಮದುವೆಯಾಗಿ ಆರು ತಿಂಗಳಿಗೇ ಅತ್ತೆ ಕರೆತಂದ 22ರ ಹುಡುಗಿಗೆ ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಕ್ಲಿನಿಕ್‌ನ ಹೆಸರು ಬರೆದುಕೊಡುವುದು ಕಮಿಷನ್ ಮುಟ್ಟದೆಯೂ ಮಾಡಬಹುದಾದ ಅನ್ಯಾಯ.

ಆರಂಭದ ತಪಾಸಣೆಗಳೆಲ್ಲ ತುಮಕೂರಿನಲ್ಲೇ ಆಗುತ್ತವೆ: ವೀರ್ಯ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಗರ್ಭಕೋಶದ ಸ್ಕ್ಯಾನ್, ಬೇಕಾದರೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಟ್ಯೂಬ್ ಟೆಸ್ಟ್. ಟ್ಯೂಬ್ ಟೆಸ್ಟ್ ಅನ್ನು ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮುಂಚೆ, ಅಂದರೆ ಸಾಮಾನ್ಯವಾಗಿ 6ರಿಂದ 11ನೇ ದಿನದೊಳಗೆ ಮಾಡಿಸಬೇಕು. ಇವುಗಳಲ್ಲಿ ಅತಿ ಅಗ್ಗದ್ದು, ಸುಲಭದ್ದು ವೀರ್ಯ ಪರೀಕ್ಷೆ. ಆದರೂ ನಮ್ಮ ಕಡೆ ಅದೇ ಕೊನೆಗೆ ಉಳಿಯುತ್ತದೆ. ಹೆಂಡತಿಗೆ ಆರು ತಿಂಗಳು ಮಾತ್ರೆ ನುಂಗಿಸಿ, ಎರಡು ಸಲ ಟ್ಯೂಬ್ ನೋಡಿಸಿ, ಆಮೇಲೆ ಗಂಡನಿಗೆ "ಒಂದ್ಸಲ ನಿಮ್ದೂ ಮಾಡಿಸಿ" ಎನ್ನುವುದು ಬರಿಯ ಸಂಕೋಚವಲ್ಲ, ಪಕ್ಷಪಾತ.

ಪರೀಕ್ಷೆಗೆ ಮುನ್ನ 2ರಿಂದ 7 ದಿನ ಸಂಯಮ ಇರಬೇಕು. ಮನೆಯಲ್ಲೇ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ, ಮೈ ಬಿಸಿಗೆ ತಾಗಿಸಿಟ್ಟುಕೊಂಡು ಲ್ಯಾಬ್ ತಲುಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ. 42. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲ ಎಂದಲ್ಲ. ಜೋರು ಜ್ವರ ಬಂದುಹೋಗಿದ್ದರೆ ಅದರ ಪರಿಣಾಮ ಎರಡು ಮೂರು ತಿಂಗಳು ಇರುತ್ತದೆ. ಹಾಗಾಗಿ ಒಂದೇ ವರದಿ ಹಿಡಿದು ಯಾರನ್ನೂ ಕಳಿಸಬೇಡಿ. ಜಿಮ್‌ನಲ್ಲಿ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ಗಂಡನೊಬ್ಬನನ್ನೇ ಕೂರಿಸಿಕೊಂಡು ಕೇಳಿ. ಅದು ಕೌಂಟನ್ನು ಸೊನ್ನೆಗೆ ಇಳಿಸಬಲ್ಲದು, ನಿಲ್ಲಿಸಿದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ.

ಇನ್ನೊಂದು ಎಎಂಎಚ್, ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಅಂದಾಜು ಕೊಡುವ ರಕ್ತ ಪರೀಕ್ಷೆ. "ನಿಮ್ಮ ಮೊಟ್ಟೆ ಮುಗೀತಾ ಬಂತು" ಎಂದು ಹೆದರಿಸಲು ಈಗ ಹೆಚ್ಚು ಬಳಕೆಯಾಗುವ ಕಾಗದ ಇದೇ. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡ ಸಿಗಬಹುದು ಎಂಬ ಅಂದಾಜು ಅದರಿಂದ ಬರುತ್ತದೆ. ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಅಂಡದ ಗುಣಮಟ್ಟಕ್ಕೆ ವಯಸ್ಸೇ ಮುಖ್ಯ. 28ರ ಹೆಣ್ಣಿಗೆ ಒಂದೇ ಎಎಂಎಚ್ ವರದಿ ತೋರಿಸಿ ದಾನಿ ಅಂಡ ಬೇಕು ಎಂದಿದ್ದರೆ, ಎರಡನೇ ಅಭಿಪ್ರಾಯಕ್ಕೆ ಕಳಿಸುವುದು ನಿಮ್ಮ ಕೆಲಸ.

ನಿಮ್ಮ ಹಂಗುಗಳನ್ನು ಕಾಗದದ ಮೇಲಿಡಿ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿಯ 6.4ನೇ ನಿಯಮ ಖಡಾಖಂಡಿತ: ರೋಗಿಯನ್ನು ಕಳಿಸಿದ್ದಕ್ಕೆ, ಶಿಫಾರಸು ಮಾಡಿದ್ದಕ್ಕೆ ವೈದ್ಯರು ಉಡುಗೊರೆ, ಕಮಿಷನ್, ಬೋನಸ್ ಏನನ್ನೂ ಕೊಡುವಂತಿಲ್ಲ, ಕೇಳುವಂತಿಲ್ಲ, ಪಡೆಯುವಂತಿಲ್ಲ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ವರ್ಷ ತಡೆಹಿಡಿದದ್ದರಿಂದ 2002ರವೇ ಮುಂದುವರಿದವು. ಲ್ಯಾಬಿನವರಿಗೆ, ಆಶಾ ಕಾರ್ಯಕರ್ತೆಗೆ ಈ ನಿಯಮ ನೇರವಾಗಿ ಅನ್ವಯಿಸದು. ಆದರೆ ಕಮಿಷನ್ ಯಾರ ಜೇಬಿಗೆ ಹೋದರೂ ಅದು ಹೊರಡುವುದು ರೋಗಿಯ ಬಿಲ್ಲಿನಿಂದಲೇ.

ನೇರ ಕಮಿಷನ್ ಗುರುತಿಸುವುದು ಸುಲಭ. ಬೇರೆ ವೇಷದಲ್ಲಿ ಬರುವ ಹಂಗುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಡಗಡೆ ಕ್ಲಿನಿಕ್‌ನ ಹೆಸರು, ಬಲಗಡೆ ನಿಮಗೆ ಬರುವುದು. ಭಾನುವಾರ ನಿಮ್ಮ ನರ್ಸಿಂಗ್ ಹೋಮಿನಲ್ಲಿ ಕೂರುವ ಬೆಂಗಳೂರಿನ ಕನ್ಸಲ್ಟೆಂಟ್ ಕೊಡುವ ಕೊಠಡಿ ಬಾಡಿಗೆ. ಅವರ ರೋಗಿಗಳಿಂದ ನಿಮ್ಮ ಲ್ಯಾಬಿಗೆ, ನಿಮ್ಮ ಮೆಡಿಕಲ್ಲಿಗೆ ಆಗುವ ವ್ಯಾಪಾರ. ಹೋಟೆಲ್‌ನಲ್ಲಿ ಊಟದ ಜೊತೆ ನಡೆದ ಉಪನ್ಯಾಸ. ಕ್ಲಿನಿಕ್ ಹೆಸರಿರುವ ಕ್ಯಾಲೆಂಡರ್, ಬಿಪಿ ಮಿಷನ್. ಅಲ್ಲಿನ ಮುಖ್ಯಸ್ಥರು ನಿಮ್ಮ ಬ್ಯಾಚ್‌ಮೇಟ್ ಎಂಬುದು. ನಿಮ್ಮ ಜಾತಿಯವರು, ನಿಮ್ಮ ಊರಿನವರು, "ನಮ್ಮವರು" ಎಂಬುದು. ದುಡ್ಡಿನ ಹಂಗಿಗಿಂತ ಈ ಕೊನೆಯದು ಬಿಗಿ, ಏಕೆಂದರೆ ಅದು ಹಂಗು ಎಂದು ನಮಗೇ ಅನ್ನಿಸುವುದಿಲ್ಲ.

ಪ್ರತಿ ಸಾಲಿಗೂ ಒಂದು ಪರೀಕ್ಷೆ ಸಾಕು: ಇದನ್ನು ರೋಗಿಯ ಮುಂದೆ, ಅವರ ಮನೆಯವರೆಲ್ಲ ಕೂತಿರುವಾಗ, ಜೋರಾಗಿ ಹೇಳಲು ನಿಮಗೆ ಬಾಯಿ ಬರುತ್ತದೆಯೇ? ಬರುತ್ತದೆ ಎಂದಾದರೆ ಹೇಳಿಬಿಡಿ. ಬರುವುದಿಲ್ಲ ಎಂದಾದರೆ ಆ ಸಂಬಂಧವನ್ನೇ ಬಿಡಬೇಕು, ಇಲ್ಲವೇ ಆ ಕ್ಲಿನಿಕ್‌ನ ಹೆಸರನ್ನು ನೀವು ಹೇಳಬಾರದು.

ಇಲ್ಲಿ ಒಂದು ನಿಜವಾದ ಗೋಜಲಿದೆ. ಐವಿಎಫ್ ಇಂಜೆಕ್ಷನ್ ನಡೆಯುವ 10-12 ದಿನಗಳಲ್ಲಿ ನಾಲ್ಕೈದು ಸ್ಕ್ಯಾನ್ ಬೇಕಾಗುತ್ತವೆ. ಅವನ್ನು ನೀವು ಊರಲ್ಲೇ ಮಾಡಿಕೊಟ್ಟರೆ ರೋಗಿಗೆ ದೊಡ್ಡ ಉಪಕಾರ, ಮತ್ತು ಮಾಡಿದ ಕೆಲಸಕ್ಕೆ ಫೀಸು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ತಪ್ಪು ಶುರುವಾಗುವುದು ಆ ಹಣ ಬರುವ ದಾರಿಯಲ್ಲಿ. ಸ್ಕ್ಯಾನ್ ಫೀಸನ್ನು ನಿಮ್ಮದೇ ರಸೀದಿ ಕೊಟ್ಟು ರೋಗಿಯಿಂದಲೇ ಪಡೆಯಿರಿ, ಬೇರೆ ರೋಗಿಗಳಿಗೆ ಎಷ್ಟೋ ಅಷ್ಟೇ. ತಿಂಗಳ ಕೊನೆಗೆ ಕ್ಲಿನಿಕ್‌ನಿಂದ ಇಡಿಯಾಗಿ ಬರುವ "ಸ್ಕ್ಯಾನ್ ಬಾಬ್ತು" ಬೇಡ. ಹಾಗೆ ಬಂದರೆ ಅದರಲ್ಲಿ ಕೆಲಸಕ್ಕೆ ಎಷ್ಟು, ಕಳಿಸಿದ್ದಕ್ಕೆ ಎಷ್ಟು ಎಂದು ನೀವೇ ಬಿಡಿಸಿ ಹೇಳಲಾರಿರಿ.

ಪೇಡ ತಂದವರು, ಬಾರದವರು

ಒಂದು ಪೈಸೆಯನ್ನೂ ಮುಟ್ಟದವರಿಗೂ ಒಲವು ಇರುತ್ತದೆ. ಅದಕ್ಕೆ ದೊಡ್ಡ ಕಾರಣ ನೆನಪು. ಮಗುವಾದವರು ಪೇಡದ ಡಬ್ಬಿ ಹಿಡಿದು ಬರುತ್ತಾರೆ, ನಾಮಕರಣಕ್ಕೂ ಕರೆಯುತ್ತಾರೆ. ಎರಡು ಸಲ ಸೋತು, ಒಡವೆ ಅಡ ಇಟ್ಟವರು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಹೀಗಾಗಿ ನೀವು ಯಾವ ಕ್ಲಿನಿಕ್‌ಗೆ ಹೆಚ್ಚು ಜನರನ್ನು ಕಳಿಸಿದ್ದೀರೋ ಅಲ್ಲಿಂದಲೇ ಹೆಚ್ಚು ಪೇಡ ಬಂದಿರುತ್ತದೆ, ಅದೇ ಒಳ್ಳೆಯದು ಎಂದು ಅನ್ನಿಸುತ್ತಾ ಹೋಗುತ್ತದೆ.

ಇನ್ನೊಂದು ಒಲವು ಬಟ್ಟೆ ನೋಡಿ ಹುಟ್ಟುವುದು. ಪಾವಗಡದ ಕೂಲಿಯವರಿಗೆ "ನಿಮಗೆಲ್ಲ ಅದು ಆಗಲ್ಲ, ಮಗು ದತ್ತು ತಗೊಳ್ಳಿ" ಎಂದು ಐವಿಎಫ್ ಮಾತನ್ನೇ ಎತ್ತದಿರುವುದು, ತಿಪಟೂರಿನ ತೋಟದವರಿಗೆ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕುವ ಸರಳ ಚಿಕಿತ್ಸೆ) ಕೂಡ ಮಾಡಿಸದೆ ನೇರ ದೊಡ್ಡ ಕ್ಲಿನಿಕ್‌ಗೆ ಕಳಿಸುವುದು. ಎರಡರಲ್ಲೂ ತೀರ್ಮಾನ ನಿಮ್ಮದಾಯಿತು, ಅವರದ್ದಲ್ಲ. ಎಲ್ಲರಿಗೂ ಒಂದೇ ಮಾಹಿತಿ ಹಾಳೆ ಕೊಡುವ ರೂಢಿ ಮಾಡಿಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಪಟ್ಟಿ ಕಟ್ಟುವ ಕೆಲಸ

ಇದಕ್ಕೆ ಒಂದು ಮಧ್ಯಾಹ್ನ ಬೇಕು, ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಆರೇಳು ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಎಲ್ಲರಿಗೂ ಅವವೇ ಪ್ರಶ್ನೆ ಕೇಳಿ, ಉತ್ತರವನ್ನೂ ದಿನಾಂಕವನ್ನೂ ಬರೆದುಕೊಳ್ಳಿ.

ಮೊದಲ ಪ್ರಶ್ನೆ ನೋಂದಣಿ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, 2021 ಜಾರಿಯಾದದ್ದು 2022ರ ಜನವರಿಯಲ್ಲಿ. ಅದರಡಿ ಹಂತ 1ರ ಕ್ಲಿನಿಕ್ ಐಯುಐ ಮಾತ್ರ ಮಾಡಬಹುದು. ಐವಿಎಫ್, ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವುದು), ಭ್ರೂಣ ಫ್ರೀಜ್ ಮಾಡುವುದು ಹಂತ 2ಕ್ಕೆ ಮಾತ್ರ. ನೋಂದಣಿಯ ಅವಧಿ 5 ವರ್ಷ. ಸಂಖ್ಯೆ, ಹಂತ, ಮುಗಿಯುವ ದಿನಾಂಕ ಮೂರನ್ನೂ ಕೇಳಿ. ತಾಲ್ಲೂಕಿನ ಬೋರ್ಡಿನ ಮೇಲೆ "ಐವಿಎಫ್ ಸೆಂಟರ್" ಎಂದಿದ್ದು, ಒಳಗೆ ಇರುವುದು ಹಂತ 1 ಅಥವಾ ಬರಿಯ ಸಂಪರ್ಕ ಕಚೇರಿ ಆಗಿರಬಹುದು. ಅಂಡ ತೆಗೆಯುವುದು ಯಾವ ಕಟ್ಟಡದಲ್ಲಿ ಎಂದು ಕೇಳಿದರೆ ಗೊತ್ತಾಗುತ್ತದೆ.

ಎರಡನೆಯದು ಎಂಬ್ರಿಯಾಲಜಿಸ್ಟ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ತಜ್ಞರು) ದಿನವೂ ಇರುತ್ತಾರೋ, ತಿಂಗಳಿಗೆ ಇಷ್ಟು ದಿನ ಬಂದು ಹೋಗುತ್ತಾರೋ ಎಂಬುದು. ಬಂದು ಹೋಗುವ ಕಡೆ ಹಲವು ಹೆಂಗಸರ ಮುಟ್ಟನ್ನು ಮಾತ್ರೆಯಿಂದ ಒಂದೇ ವಾರಕ್ಕೆ ಹೊಂದಿಸಿ "ಬ್ಯಾಚ್" ಮಾಡುತ್ತಾರೆ. ಅದು ಅಕ್ರಮವೇನಲ್ಲ. ಆದರೆ ದೇಹದ ಸಮಯಕ್ಕಿಂತ ಕ್ಯಾಲೆಂಡರ್ ಮುಂದಾದಾಗ ಅಂಡ ಬೇಗ ಅಥವಾ ತಡವಾಗಿ ತೆಗೆಯುವ ಸಾಧ್ಯತೆ ಇರುತ್ತದೆ. ಅಂಡ ಪಕ್ವವಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಆದ 34ರಿಂದ 36 ಗಂಟೆಗೆ ಅಂಡ ತೆಗೆಯಬೇಕು, ಆ ಲೆಕ್ಕ ಭಾನುವಾರ, ಹಬ್ಬ ನೋಡುವುದಿಲ್ಲ. ದೀಪಾವಳಿ ದಿನ ಬಂದರೆ ಮಾಡುತ್ತೀರಾ ಎಂದು ಕೇಳಿ ನೋಡಿ.

ಉಳಿದವು: ಸಾಮಾನ್ಯವಾಗಿ ಎಷ್ಟು ಭ್ರೂಣ ಹಾಕುತ್ತೀರಿ, ಅವಳಿ ಎಷ್ಟು ಆಗುತ್ತವೆ? ಸೋತ ಸೈಕಲ್‌ನ (ಇಂಜೆಕ್ಷನ್ ಶುರುವಿನಿಂದ ಭ್ರೂಣ ಹಾಕುವವರೆಗಿನ ಒಂದು ಸುತ್ತಿನ) ಸಂಪೂರ್ಣ ಸಾರಾಂಶ, ಅಂದರೆ ಇಂಜೆಕ್ಷನ್ ಡೋಸ್, ಸಿಕ್ಕ ಅಂಡ, ಫಲಿತವಾದವು, ಭ್ರೂಣದ ಗ್ರೇಡ್, ಎಲ್ಲವನ್ನೂ ಕೇಳದೆಯೇ ಕೊಡುತ್ತೀರಾ? ತುಮಕೂರಿನ ಸ್ಕ್ಯಾನ್ ಒಪ್ಪುತ್ತೀರಾ? ಕೌನ್ಸೆಲರ್ ಕನ್ನಡದಲ್ಲಿ ಮಾತಾಡುತ್ತಾರಾ, ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ? ಪಾವಗಡ ಕಡೆಯವರಿಗೆ ತೆಲುಗು, ಕೆಲವರಿಗೆ ಉರ್ದು ಬೇಕಾಗುತ್ತದೆ. ಚಿಕಿತ್ಸೆಯ ಲಾಭ, ಅಪಾಯ, ಖರ್ಚು, ಗೆಲ್ಲುವ ಸಾಧ್ಯತೆ ವಿವರಿಸುವುದು ಕಾಯ್ದೆ ಪ್ರಕಾರ ಕ್ಲಿನಿಕ್‌ನ ಹೊಣೆ. ಅರ್ಥವಾಗದ ಭಾಷೆಯ ಹತ್ತು ಹಾಳೆಗೆ ಸಹಿ ಹಾಕಿಸಿಕೊಂಡರೆ ಆ ಹೊಣೆ ತೀರುವುದಿಲ್ಲ.

ಪಟ್ಟಿಯಿಂದ ತಕ್ಷಣ ಹೊಡೆದುಹಾಕಬೇಕಾದವು ಮೂರು. "ಗ್ಯಾರಂಟಿ" ಎಂದವರು. "ಗಂಡೇ ಬೇಕಾ?" ಎಂದು ಸೂಚ್ಯವಾಗಿ ಕೇಳಿದವರು. ಲಿಂಗ ಆಯ್ಕೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಪರಾಧ. 2021ರ ಕಾಯ್ದೆಯಡಿ ಅಂಥ ಸೌಲಭ್ಯದ ಜಾಹೀರಾತಿಗೆ 5ರಿಂದ 10 ವರ್ಷ ಸೆರೆ ಅಥವಾ 10ರಿಂದ 25 ಲಕ್ಷ ದಂಡ ಅಥವಾ ಎರಡೂ, ಮತ್ತು ಆ ಕಲಮು ಕ್ಲಿನಿಕ್‌ನ ಏಜೆಂಟರಿಗೂ ಅನ್ವಯಿಸುತ್ತದೆ. ಮೂರನೆಯವರು "ದಾನಿ ನಿಮ್ಮ ಕಡೆ ಯಾರಾದ್ರೂ ಇದ್ರೆ ಹೇಳಿ" ಎಂದವರು. ದಾನಿ ಬರಬೇಕಾದದ್ದು ನೋಂದಾಯಿತ ಬ್ಯಾಂಕಿನಿಂದ. ಅಂಡ ದಾನಿಗೆ 23ರಿಂದ 35 ವಯಸ್ಸು, ಜೀವನದಲ್ಲಿ ಒಂದೇ ಸಲ ದಾನ, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ. ಮಧ್ಯವರ್ತಿಗಳ ಮೂಲಕ ದಾನಿ ಹುಡುಕಿಸುವುದಕ್ಕೆ ಮೊದಲ ಬಾರಿಗೇ 5ರಿಂದ 10 ಲಕ್ಷ ದಂಡ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು "ಸುಮ್ನೆ ಹತ್ತು ದಿನದ ಇಂಜೆಕ್ಷನ್" ಎಂದು ಕರೆದುಕೊಂಡು ಹೋಗುವವರಿಗೆ ನೆರವಾದರೆ ನೀವೂ ಆ ಸರಪಳಿಯ ಭಾಗ.

ವಯಸ್ಸಿನ ಮಿತಿಯನ್ನೂ ನೆನಪಿಡಿ: ಹೆಂಡತಿ 21 ದಾಟಿ 50ರೊಳಗೆ, ಗಂಡ 21 ದಾಟಿ 55ರೊಳಗೆ. 57ರ ಗಂಡನನ್ನು ಬೆಂಗಳೂರಿಗೆ ಅಲೆಸಿ, ಅಲ್ಲಿ ಕೌಂಟರಿನಲ್ಲಿ ವಾಪಸ್ ಕಳಿಸುವಂತಾಗಬಾರದು.

ಶೇಕಡಾ 60 ಎಲ್ಲಿಂದ ಬಂತು?

ಅಮೆರಿಕದಲ್ಲಿ ಕ್ಲಿನಿಕ್‌ವಾರು ಫಲಿತಾಂಶ ಪ್ರಕಟಿಸಲು 1992ರಲ್ಲೇ ಕಾನೂನು ಬಂತು. ಬ್ರಿಟನ್ನಿನಲ್ಲಿ ಅದಕ್ಕೆಂದೇ ನಿಯಂತ್ರಣ ಪ್ರಾಧಿಕಾರ ಇದೆ. ನಮ್ಮಲ್ಲಿ ಜನ ನೋಡಿ ಹೋಲಿಸಬಹುದಾದ ಅಂಥ ಪಟ್ಟಿ ಇಲ್ಲ. ಬಸ್ಸಿನ ಹಿಂದೆ "ಯಶಸ್ಸು ಶೇ. 60" ಎಂದು ಕಾಣುವಂಥ ಸಂಖ್ಯೆ ಕ್ಲಿನಿಕ್ ತಾನೇ ಹೇಳಿಕೊಂಡದ್ದು.

ಲೆಕ್ಕ ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ಹಿಡಿಯೋಣ. 100 ಹೆಂಗಸರು ಇಂಜೆಕ್ಷನ್ ಶುರುಮಾಡಿದರು. 90 ಮಂದಿಗೆ ಅಂಡ ತೆಗೆಯುವ ಹಂತ ಬಂತು. 70 ಮಂದಿಗೆ ಭ್ರೂಣ ಹಾಕಿದರು. 35 ಮಂದಿಯ ರಕ್ತ ಪರೀಕ್ಷೆ ಪಾಸಿಟಿವ್ ಬಂತು. 30 ಮಂದಿಗೆ ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಕಂಡಿತು. 24 ಮಂದಿಗೆ ಜೀವಂತ ಮಗು ಹುಟ್ಟಿತು. ಈಗ "ಯಶಸ್ಸು" ಎಷ್ಟು? ಭ್ರೂಣ ಹಾಕಿದವರಲ್ಲಿ ಪಾಸಿಟಿವ್ ಲೆಕ್ಕ ಹಿಡಿದರೆ ಶೇ. 50. ಶುರುಮಾಡಿದವರಲ್ಲಿ ಮಗು ಹುಟ್ಟಿದ ಲೆಕ್ಕ ಹಿಡಿದರೆ ಶೇ. 24. ಎರಡೂ ಸುಳ್ಳಲ್ಲ. ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ, ಮತ್ತು ಸಾಲ ಮಾಡಿ ಬರುವವರಿಗೆ ಬೇಕಾದ ಉತ್ತರ ಎರಡನೆಯದು.

ಆದ್ದರಿಂದ ಫೋನಿನಲ್ಲಿ ಕೇಳಬೇಕಾದ ವಾಕ್ಯ ಇದು: "ಈ ವಯಸ್ಸಿನವರಲ್ಲಿ, ಸ್ವಂತ ಅಂಡದಲ್ಲಿ, ಶುರುಮಾಡಿದ ನೂರು ಸೈಕಲ್‌ಗೆ ಎಷ್ಟು ಜೀವಂತ ಮಗು ಹುಟ್ಟಿವೆ?" ಸ್ವಂತ ಅಂಡ ಎಂಬುದನ್ನು ಬಿಡಬೇಡಿ. ದಾನಿ ಅಂಡದ ಫಲಿತಾಂಶ ಚಿಕ್ಕ ವಯಸ್ಸಿನ ದಾನಿಯದ್ದಾದ್ದರಿಂದ ಮೇಲಿರುತ್ತದೆ, ಅದನ್ನು ಸೇರಿಸಿದರೆ ಒಟ್ಟು ಸಂಖ್ಯೆ ಚಂದ ಕಾಣುತ್ತದೆ. ಕಷ್ಟದ ಪ್ರಕರಣಗಳನ್ನು ಒಪ್ಪದ ಕ್ಲಿನಿಕ್‌ನ ಸಂಖ್ಯೆಯೂ ಹಾಗೇ ಚಂದ. 40ರವರನ್ನೂ ಒಪ್ಪಿಕೊಳ್ಳುವ ಕ್ಲಿನಿಕ್ ಅದರೆದುರು ಸಪ್ಪೆ ಕಾಣಬಹುದು. "ಆ ಲೆಕ್ಕ ಇಟ್ಟಿಲ್ಲ" ಎಂದವರನ್ನು ಪ್ರಾಮಾಣಿಕರು ಎಂದು ಬೇಕಾದರೆ ಮೆಚ್ಚಿ, ಪಟ್ಟಿಯಲ್ಲಿ ಮಾತ್ರ ಕೆಳಗಿಡಿ.

ದುಡ್ಡಿನ ಹಾಳೆ

ಜಾಹೀರಾತಿನ ಪ್ಯಾಕೇಜ್ ದರದಲ್ಲಿ ಏನಿಲ್ಲ ಎಂದು ಕೇಳುವುದೇ ಜಾಣತನ. ಸಾಮಾನ್ಯವಾಗಿ ಹೊರಗುಳಿಯುವವು: ಹಾರ್ಮೋನ್ ಇಂಜೆಕ್ಷನ್, ಅರಿವಳಿಕೆ, ಇಕ್ಸಿ, ಭ್ರೂಣ ಫ್ರೀಜ್ ಮಾಡುವ ಶುಲ್ಕ, ವರ್ಷದ ಬಾಡಿಗೆ, ಆಮೇಲೆ ಫ್ರೀಜ್ ಆದದ್ದನ್ನು ಹಾಕುವ ಸೈಕಲ್. ಇಂಜೆಕ್ಷನ್ ಡೋಸ್ ವಯಸ್ಸಿಗೆ, ಎಎಂಎಚ್‌ಗೆ ತಕ್ಕಂತೆ ಏರುವುದರಿಂದ, ಬಿಲ್ಲು ಅಂದಾಜು ಮೀರುವುದು ಹೆಚ್ಚಾಗಿ ಅಲ್ಲೇ. ಪ್ರತಿ ಬಾಬ್ತಿಗೂ ಕನಿಷ್ಠ, ಗರಿಷ್ಠ ಬರೆದ ಹಾಳೆಯನ್ನು ಸಹಿ ಸಮೇತ ಪಡೆಯಲು ದಂಪತಿಗೆ ಹೇಳಿ. ಅಂಡ ತೆಗೆಯುವ ಮೊದಲೇ ಸೈಕಲ್ ನಿಂತರೆ ಎಷ್ಟು ವಾಪಸ್ ಎಂಬುದೂ ಅದರಲ್ಲಿರಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ದರಪಟ್ಟಿ ಪ್ರದರ್ಶಿಸುವುದು ಕಡ್ಡಾಯ. ಕೇಳಿದರೆ ಮುಖ ಸಿಂಡರಿಸುವ ಕಡೆ ಬಿಲ್ಲಿನ ದಿನ ಇನ್ನೇನು ಕಾದಿದೆಯೋ.

"ಮಗು ಆಗದಿದ್ದರೆ ಹಣ ವಾಪಸ್" ಯೋಜನೆಗಳಲ್ಲಿ ಎರಡು ಸಂಗತಿ ನೋಡಿ. ಒಂದು, ಅದಕ್ಕೆ ಯಾರನ್ನು ಸೇರಿಸಿಕೊಳ್ಳುತ್ತಾರೆ. ಹೇಗೂ ಆಗುವ ಸಾಧ್ಯತೆ ಹೆಚ್ಚಿರುವವರನ್ನೇ ಸೇರಿಸಿ ಹೆಚ್ಚು ದರ ಹಾಕಿರಬಹುದು. ಎರಡು, "ಆಗುವುದು" ಎಂದರೆ ಪಾಸಿಟಿವ್ ಪರೀಕ್ಷೆಯೋ, ಮಗುವೋ.

ಮೇಲಿಂದ ಸೇರಿಸುವ ಸೇವೆಗಳ ಪಟ್ಟಿ ಉದ್ದ ಇದೆ: ಗರ್ಭಕೋಶದ ಪದರ ಗೀರುವುದು, ಸ್ವಂತ ರಕ್ತದ ಪ್ಲೇಟ್‌ಲೆಟ್ ದ್ರವ ಹಾಕುವ ಪಿಆರ್‌ಪಿ, ಕೊಬ್ಬಿನ ದ್ರಾವಣದ ಇಂಟ್ರಾಲಿಪಿಡ್ ಡ್ರಿಪ್, ಭ್ರೂಣ ಹಾಕುವ ಸಮಯ ಗೊತ್ತುಮಾಡಲೆಂದು ಮಾಡುವ ಇಆರ್‌ಎ ಪರೀಕ್ಷೆ. ಪದರ ಗೀರುವುದರಿಂದ ಲಾಭವಿಲ್ಲ ಎಂದು 2019ರ ದೊಡ್ಡ ಪ್ರಯೋಗವೇ ತೋರಿಸಿತು. ಉಳಿದವನ್ನು ಎಲ್ಲರಿಗೂ ಮಾಡಲು ಗಟ್ಟಿ ಆಧಾರವಿಲ್ಲ. ವೀರ್ಯ ಸರಿಯಿದ್ದವರಿಗೂ ಇಕ್ಸಿ ಮಾಡುವುದರಿಂದ ಮಗುವಾಗುವ ಸಾಧ್ಯತೆ ಹೆಚ್ಚುವುದಿಲ್ಲ. "ಇದು ನನಗೇ ಏಕೆ ಬೇಕು, ಬಿಟ್ಟರೆ ಏನಾಗುತ್ತದೆ?" ಎಂಬ ಪ್ರಶ್ನೆಯನ್ನು ದಂಪತಿಗೆ ಬರೆದುಕೊಟ್ಟು ಕಳಿಸಿ.

ದಾರಿ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತುಮಕೂರಿನಿಂದ ಬೆಂಗಳೂರು 70 ಕಿ.ಮೀ., ಬೆಳಗಿನ ರೈಲು ಹಿಡಿದರೆ ಒಂದು ದಿನದ ಕೆಲಸ. ಪಾವಗಡದವರಿಗೆ ತುಮಕೂರೇ ಸುಮಾರು 100 ಕಿ.ಮೀ. ಅವರು ಎರಡು ವಾರ ಬೆಂಗಳೂರಿನಲ್ಲಿ ಉಳಿಯಬೇಕಾದೀತು. ಬಾಡಿಗೆ, ಊಟ, ಇಬ್ಬರ ಕೂಲಿ ನಷ್ಟ ಸೇರಿಸಿ ಹೇಳಿ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಂಜೆತನದ ಚಿಕಿತ್ಸೆ ಸೇರಿಲ್ಲ ಎಂಬುದನ್ನೂ ಮೊದಲೇ ಹೇಳಿ. ಕಾರ್ಡ್ ಇದೆ ಎಂಬ ಧೈರ್ಯದಲ್ಲಿ ಹೊರಟವರು ಅಲ್ಲಿ ಹೋಗಿ ಕಂತಿನ ಸಾಲದ ಫಾರಂಗೆ ಸಹಿ ಹಾಕುತ್ತಾರೆ.

ದಂಪತಿ ಎದುರು ಕೂತಾಗ

ಇಬ್ಬರನ್ನೇ ಕೂರಿಸಿಕೊಳ್ಳಿ. ಅತ್ತೆ, ನಾದಿನಿ ಹೊರಗಿರಲಿ. ಕೊರತೆ ಯಾರದು ಎಂಬುದನ್ನು ಕಾರಿಡಾರಿನಲ್ಲಿ ಹೇಳಿದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು.

ಸಂಬಂಧ ಇದ್ದರೆ ಹೆಸರಿನ ಜೊತೆಗೇ ಹೇಳಿ, ಕೊನೆಗೆ ಅಲ್ಲ. ಮಾತು ಹೀಗಿರಬಹುದು: "ಮೂರು ಕಡೆ ಹೆಸರು ಬರ್ಕೊಟ್ಟಿದ್ದೀನಿ. ಇದ್ರಲ್ಲಿ ಎರಡನೇದ್ರ ಡಾಕ್ಟ್ರು ನಮ್ಮಲ್ಲಿ ತಿಂಗಳಿಗೆ ಎರಡು ಭಾನುವಾರ ಬಂದು ಕೂರ್ತಾರೆ, ನಮಗೆ ರೂಮಿನ ಬಾಡಿಗೆ ಕೊಡ್ತಾರೆ. ನೀವು ಅಲ್ಲಿಗೇ ಹೋಗ್ಬೇಕು ಅಂತೇನಿಲ್ಲ. ಎಲ್ಲಿಗೆ ಹೋದ್ರೂ ಇಲ್ಲಿ ಸ್ಕ್ಯಾನ್ ಮಾಡ್ಕೊಡ್ತೀನಿ." ಕೊನೆಯ ವಾಕ್ಯ ಮುಖ್ಯ. ಡಾಕ್ಟರ ಮುಲಾಜಿಗೆ ಬಿದ್ದು, ಬೇರೆ ಕಡೆ ಹೋದರೆ ಇವರು ಮುನಿಸಿಕೊಳ್ಳುತ್ತಾರೆ ಎಂದು ಹೆದರುವವರೇ ಹೆಚ್ಚು. ಸಂಬಂಧ ಹೇಳಿಕೊಂಡರೆ ಮುಗಿಯಿತು ಎಂದೂ ಅಲ್ಲ. "ಎಷ್ಟು ನೇರ ಮನುಷ್ಯ" ಎಂದು ಅದೇ ಕ್ಲಿನಿಕ್ ಆರಿಸಿಕೊಳ್ಳುವವರೂ ಇದ್ದಾರೆ. ಅದಕ್ಕೇ ಸಂಬಂಧವಿರುವ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಡಿ, ಮತ್ತು ಮನೆಗೆ ಹೋಗಿ ಯೋಚಿಸಿ ಬರಲು ಒಂದು ವಾರವಾದರೂ ಕೊಡಿ.

ನಿಲ್ಲಿಸುವ ಜಾಗದ ಮಾತನ್ನೂ ಅಂದೇ ಆಡಿ. ಎಷ್ಟು ಸೈಕಲ್, ಎಷ್ಟು ಲಕ್ಷ ಎಂದು ಶುರುವಿಗೆ ಮುಂಚೆ ಅವರೇ ಬರೆದಿಟ್ಟುಕೊಳ್ಳಲಿ. ಮೊದಲ ಸೋಲಿನ ಮರುದಿನ ಕೌಂಟರಿನಲ್ಲಿ ಕೂತು ಆ ತೀರ್ಮಾನ ಮಾಡಲಾಗದು.

ಪತ್ರ ಮತ್ತು "ರೆಫರ್ಡ್ ಬೈ" ಕಾಲಂ

ಕಳಿಸುವ ಪತ್ರದಲ್ಲಿ ಇಬ್ಬರ ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಹಿಂದಿನ ಗರ್ಭ, ಗರ್ಭಪಾತ, ಆಪರೇಷನ್, ಟಿಬಿ, ಆದ ಪರೀಕ್ಷೆಗಳ ದಿನಾಂಕ ಸಮೇತ ಫಲಿತಾಂಶ, ಕೊಟ್ಟ ಔಷಧ ಮತ್ತು ಅವಧಿ ಇರಲಿ. ಸೋದರಮಾವನ ಸಂಬಂಧದ ಮದುವೆಯಾಗಿದ್ದರೆ ಬರೆಯಿರಿ, ವಂಶವಾಹಿ ಸಲಹೆ ಬೇಕಾಗಬಹುದು. ಇಷ್ಟು ಇದ್ದರೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಲು ನೆಪ ಕಡಿಮೆ.

ಕಮಿಷನ್ ವ್ಯವಸ್ಥೆ ನಿಂತಿರುವುದು ಕ್ಲಿನಿಕ್‌ನ ನೋಂದಣಿ ಫಾರಂನ "ರೆಫರ್ಡ್ ಬೈ" ಕಾಲಂ ಮೇಲೆ. ನೀವು ಕೇಳದಿದ್ದರೂ ಅಲ್ಲಿ ನಿಮ್ಮ ಹೆಸರು ಬಿದ್ದರೆ ತಿಂಗಳ ಕೊನೆಗೆ ಯಾರೋ ಲಕೋಟೆ ತರುತ್ತಾರೆ. ಪತ್ರದ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: "ಈ ರೋಗಿಯ ಸಂಬಂಧ ನನಗೆ ಯಾವ ಪಾವತಿಯೂ ಬೇಡ, ರಿಯಾಯಿತಿ ಇದ್ದರೆ ರೋಗಿಯ ಬಿಲ್ಲಿನಲ್ಲಿ ಕಳೆಯಿರಿ." ಮೂರೂ ಕ್ಲಿನಿಕ್‌ಗೆ ಒಂದೇ ಪತ್ರ, ವಿಳಾಸ ಖಾಲಿ. ಎಲ್ಲಿಗೆ ಎಂಬುದನ್ನು ದಂಪತಿಯೇ ತುಂಬಿಕೊಳ್ಳಲಿ. ಕ್ಲಿನಿಕ್‌ನವರು ಕೊಟ್ಟ ಕೂಪನ್, ಕ್ಯೂಆರ್ ಕೋಡ್ ಇರುವ ಚೀಟಿ ಬಳಸಬೇಡಿ. ಆ ಕೋಡಿನಲ್ಲಿ ಇರುವುದು ನಿಮ್ಮ ಲೆಕ್ಕ.

ಒಂದು ದಾಖಲೆ ಪುಸ್ತಕ

ಪೇಡದ ನೆನಪಿಗೆ ಮದ್ದು ಇದೊಂದೇ. ಕಳಿಸಿದ ಪ್ರತಿ ದಂಪತಿಗೆ, ಅವರ ಒಪ್ಪಿಗೆ ಪಡೆದು, ಹೆಸರಿನ ಬದಲು ಒಂದು ಸಂಖ್ಯೆ ಕೊಡಿ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಫೋನ್ ಮಾಡಿ ಬರೆದುಕೊಳ್ಳಿ: ಯಾವ ಕ್ಲಿನಿಕ್, ಮೊದಲು ಹೇಳಿದ ಖರ್ಚು, ಕೊನೆಗೆ ಆದ ಖರ್ಚು, ಸಾರಾಂಶ ಕೊಟ್ಟರೇ, ತೊಂದರೆ ಏನಾಯಿತು, ಫಲಿತಾಂಶ. ಫೋನ್ ಎತ್ತದವರನ್ನು "ಗೊತ್ತಿಲ್ಲ" ಎಂದೇ ಬರೆಯಿರಿ, ಬಿಟ್ಟುಬಿಡಬೇಡಿ.

ಈ ಪುಸ್ತಕದಿಂದ ಯಶಸ್ಸಿನ ಪ್ರಮಾಣ ತೆಗೆಯಲು ಹೋಗಬೇಡಿ. ಎಂಟು ಜನರಲ್ಲಿ ನಾಲ್ವರಿಗೆ ಮಗುವಾದರೆ ನಿಜವಾದ ಪ್ರಮಾಣ ಶೇ. 20 ಇರಬಹುದು, 80ಕ್ಕೂ ಹತ್ತಿರ ಇರಬಹುದು. ಅಷ್ಟು ಕಡಿಮೆ ಜನರಿಂದ ಏನೂ ಹೇಳಲಾಗದು. ಆದರೆ ಎಂಟರಲ್ಲಿ ಏಳು ಮಂದಿಗೆ ಬಿಲ್ಲು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಬಂದಿದ್ದರೆ, ಎಂಟರಲ್ಲಿ ಆರು ಮಂದಿಗೆ ಸಾರಾಂಶವೇ ಸಿಕ್ಕಿಲ್ಲ ಎಂದಾದರೆ, ಅದು ಕ್ಲಿನಿಕ್‌ನ ನಡವಳಿಕೆ. ಅದನ್ನು ಹೇಳಲು ಎಂಟೇ ಸಾಕು.

ಶಿಬಿರಗಳು

ಕಲ್ಯಾಣ ಮಂಟಪದಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಕ್ಕೆ ಜನ ಸೇರಿಸಿಕೊಡಿ ಎಂದು ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದವರಿಗೆ ಕೋರಿಕೆ ಬರುತ್ತದೆ. ಶಿಬಿರವೇ ಕೆಟ್ಟದ್ದಲ್ಲ. ಮುಂಚೆ ಮೂರು ಮಾತು ಕೇಳಿ: ವರದಿಯ ಪ್ರತಿ ರೋಗಿಯ ಕೈಗೆ ಕೊಡುತ್ತೀರಾ? ಅಂದೇ ಮುಂಗಡ ಕಟ್ಟಿಸಿಕೊಳ್ಳುತ್ತೀರಾ? ಫೋನ್ ನಂಬರುಗಳನ್ನು ಏನು ಮಾಡುತ್ತೀರಿ? "ಇವತ್ತೇ ಕಟ್ಟಿದ್ರೆ ಇಪ್ಪತ್ತು ಸಾವಿರ ಡಿಸ್ಕೌಂಟ್" ಎಂಬ ಶಿಬಿರಕ್ಕೆ ಊರಿನ ಹೆಣ್ಣುಮಕ್ಕಳ ಪಟ್ಟಿ ಕೊಡಬೇಡಿ. ತಲೆಗೆ ಇಷ್ಟು ಎಂದು ಕೊಡುವ ಹಣವನ್ನಂತೂ ಮುಟ್ಟಬೇಡಿ. ಖಚಿತವಾಗಿ ಮಕ್ಕಳಾಗುವ ಪುಡಿ, ಲೇಹ್ಯ ಎಂಬ ಕರಪತ್ರಗಳೂ ಇದೇ ಮಂಟಪದ ಬಾಗಿಲಲ್ಲಿ ಸಿಗುತ್ತವೆ. 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಹೆಣ್ಣಿನ ಬಂಜೆತನವೂ ಇದೆ, ಅದಕ್ಕೆ ಔಷಧ ಇದೆ ಎಂದು ಜಾಹೀರಾತು ಕೊಡುವುದೇ ತಪ್ಪು.

ಕಳಿಸಿದ ಮೇಲೆ ಎಡವಟ್ಟಾದರೆ

ಅಂಡ ತೆಗೆದ ನಂತರದ ಒಂದೆರಡು ವಾರ ಎಚ್ಚರ ಬೇಕು. ಹೊಟ್ಟೆ ಉಬ್ಬುವುದು, ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರುವುದು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡ ಲಕ್ಷಣಗಳು. ಪಾಸಿಟಿವ್ ಬಂದ ಮೇಲೆ ಒಂದು ಪಕ್ಕ ನೋವು, ತಲೆಸುತ್ತು ಬಂದರೆ ಟ್ಯೂಬಿನ ಗರ್ಭವೇ ಎಂದು ನೋಡಬೇಕು. ರಾತ್ರಿ ಹನ್ನೊಂದಕ್ಕೆ ಕ್ಲಿನಿಕ್ "ಬೆಂಗಳೂರಿಗೆ ಬನ್ನಿ" ಎಂದರೆ ಆ 70 ಕಿ.ಮೀ. ಕಾಯಬಾರದು, ತುಮಕೂರಿನಲ್ಲಿ 24 ಗಂಟೆ ಸ್ತ್ರೀರೋಗ ತಜ್ಞರಿರುವ ಆಸ್ಪತ್ರೆ ಯಾವುದು ಎಂದು ಪತ್ರದ ಹಿಂಬದಿಯಲ್ಲೇ ಬರೆದುಕೊಡಿ. ಅಂಥ ರಾತ್ರಿ ಬಂದವರನ್ನು "ಎಲ್ಲಿ ಮಾಡಿಸಿದ್ರೋ ಅಲ್ಲಿಗೇ ಹೋಗಿ" ಎಂದು ವಾಪಸ್ ಕಳಿಸುವುದೂ, ಅವರು ನಿಮ್ಮ ಪಟ್ಟಿ ಬಿಟ್ಟು ಬೇರೆ ಕಡೆ ಹೋದವರು ಎಂಬ ಕಾರಣಕ್ಕಾದರೆ, ಪಕ್ಷಪಾತವೇ.

ದೂರು ಕೊಡಬೇಕಾಗಿ ಬಂದರೆ ಮೊದಲು ದಾಖಲೆ. 2002ರ ನಿಯಮಾವಳಿ ಪ್ರಕಾರ ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕು, ದಾಖಲೆಗಳನ್ನು 3 ವರ್ಷ ಇಟ್ಟಿರಬೇಕು. ಹೀಗಾಗಿ ತಡಮಾಡದೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಪ್ರತಿ ಕ್ಲಿನಿಕ್‌ನಲ್ಲಿ ಕುಂದುಕೊರತೆ ಘಟಕ ಇರಬೇಕೆಂಬುದು 2021ರ ಕಾಯ್ದೆಯ ಮಾತು, ಮೊದಲ ದೂರು ಅಲ್ಲಿಗೆ. ವೈದ್ಯರ ನಡವಳಿಕೆ, ಕಮಿಷನ್ ವಿಷಯ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ದರ, ರೋಗಿ ಹಕ್ಕಿನ ವಿಷಯ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ, ಆದರೆ ಕ್ಲಿನಿಕ್ ಇರುವ ಜಿಲ್ಲೆಯದ್ದಕ್ಕೆ. ಹಣ ವಾಪಸ್, ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗ: 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಅಂದರೆ ತುಮಕೂರಿನಲ್ಲೇ. ಕಟ್ಟಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು 2 ವರ್ಷ. ಸಹಿ ಇರುವ ಅಂದಾಜು ಹಾಳೆ ಮತ್ತು ಪ್ರತಿಯೊಂದು ರಸೀದಿಯನ್ನು ಒಂದೇ ಫೈಲಿನಲ್ಲಿ ಇಡುವಂತೆ ಮೊದಲ ದಿನವೇ ಹೇಳಿ. ನಗದು ಕಟ್ಟಿ ಚೀಟಿಯಲ್ಲಿ ಬರೆಸಿಕೊಂಡ ಲೆಕ್ಕವನ್ನು ಆಯೋಗದ ಮುಂದೆ ರುಜುವಾತು ಮಾಡುವುದು ಕಷ್ಟ.